ಕೋರ್ಟಿನಿಂದ ಬ್ಯಾಂಕಿಗೆ: ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ನಡೆದ ದಾರಿ

ಅಕಿವಾಟ: ಕೊಲ್ಹಾಪುರದಲ್ಲಿ ಬಾಂಬೆ ಹೈಕೋರ್ಟಿನ ಸರ್ಕ್ಯೂಟ್ ಬೆಂಚ್ 2025ರ ಆಗಸ್ಟ್ 18ರಿಂದ ಕೆಲಸ ಆರಂಭಿಸಿದ ಮೇಲೆ ನಮ್ಮ ಶಿರೋಳ ತಾಲೂಕಿನ ಹಳ್ಳಿಗಳಲ್ಲಿ ವಕೀಲಕಿಯ ಮಾತು ಮತ್ತೆ ಕೇಳಿಬರುತ್ತಿದೆ. ಬಿಎ, ಬಿಕಾಂ ಮುಗಿಸಿದ ಹುಡುಗ ಹುಡುಗಿಯರು ಎಲ್‌ಎಲ್‌ಬಿಗೆ ಹೋಗಬೇಕು, ಆದರೆ ಎಲ್‌ಎಲ್‌ಎಂ ಕೂಡ ಮಾಡಬೇಕು ಎನ್ನುತ್ತಾರೆ. ಮನೆಯ ಹಿರಿಯರ ಚಿಂತೆ ಬೇರೆ. ವಕೀಲಕಿ ಕೈಹತ್ತಲು ಹತ್ತು ವರ್ಷ ಬೇಕು, ಅಷ್ಟರಲ್ಲಿ ಮನೆಯ ವ್ಯಾಪಾರ, ಮಗ್ಗ, ಹೊಲ ನೋಡುವವರು ಯಾರು? ಕಡೆಗೆ ವ್ಯಾಪಾರಕ್ಕೇ ಕೂಡುವುದಾದರೆ ಡಿಗ್ರಿಯ ಮೇಲೆ ಮತ್ತೆ ಮೂರು ವರ್ಷ ಕಾಯದೆ ಓದಿದ್ದು ದಂಡವಲ್ಲವೇ?

ಪ್ರಶ್ನೆ ಸರಿಯಾದದ್ದೇ. ಉತ್ತರ ಹುಡುಕಲು ನೂರು ವರ್ಷ ಹಿಂದಿನ ಒಬ್ಬ ವಕೀಲರ ಬದುಕನ್ನು ನೋಡಬೇಕು. ಅವರ ಹೆಸರು ಅಮ್ಮೆಂಬಳ ಸುಬ್ಬರಾವ್ ಪೈ. ನಿಪ್ಪಾಣಿ, ಚಿಕ್ಕೋಡಿ, ಬೆಳಗಾವಿ ಕಡೆ ಹೋಗಿ ಬರುವವರಿಗೆ ಕೆನರಾ ಬ್ಯಾಂಕಿನ ಬೋರ್ಡು ಹೊಸದೇನಲ್ಲ. ಆ ಬ್ಯಾಂಕನ್ನು ಹುಟ್ಟುಹಾಕಿದವರು ಇವರೇ.

ನಮ್ಮ ಪಕ್ಕದ ಕುರುಂದವಾಡದಲ್ಲಿ 1878ರಲ್ಲಿ ಹುಟ್ಟಿದ ಅಣ್ಣಾಸಾಹೇಬ ಲಠ್ಠೆಯವರು ಎಂ.ಎ., ಎಲ್‌ಎಲ್.ಬಿ. ಓದಿ ಬೆಳಗಾವಿಯಲ್ಲಿ ವಕೀಲರಾದರು, ಕೊಲ್ಹಾಪುರ ಸಂಸ್ಥಾನದ ದಿವಾನರಾದರು, 1937ರಿಂದ 1939ರವರೆಗೆ ಮುಂಬೈ ಪ್ರಾಂತದ ಹಣಕಾಸು ಮಂತ್ರಿಯಾದರು. ಕಾಯದೆ ಓದಿದವರು ಹಣದ ಲೆಕ್ಕವನ್ನೂ ಸಂಭಾಳಿಸಬಲ್ಲರು ಎಂಬುದಕ್ಕೆ ಗಡಿಯ ಜನಕ್ಕೆ ಅವರೇ ಹತ್ತಿರದ ಉದಾಹರಣೆ. ಆದರೆ ಲಠ್ಠೆಯವರ ದಾರಿ ರಾಜಕಾರಣ ಮತ್ತು ಆಡಳಿತದ ಕಡೆಗೆ ಹೋಯಿತು. ಅವರಿಗಿಂತ ಒಂದು ತಲೆಮಾರು ಹಿರಿಯರಾದ ಸುಬ್ಬರಾವ್ ಪೈಯವರ ದಾರಿ ಕೋರ್ಟಿನಿಂದ ನೇರ ಹಣಕಾಸಿನ ವ್ಯವಹಾರಕ್ಕೆ ಬಂತು.

ಎರಡು ಹೋಳಾದ ಜಿಲ್ಲೆಯ ಹುಡುಗ

ಸುಬ್ಬರಾವ್ ಪೈ ಹುಟ್ಟಿದ್ದು 1852ರ ನವೆಂಬರ್ 19ರಂದು, ಮಂಗಳೂರಿನ ಹತ್ತಿರದ ಮೂಲ್ಕಿಯಲ್ಲಿ. ಮನೆಮಾತು ಕೊಂಕಣಿ. ಊರಿನ ಮಾತು ತುಳು, ಬರಹದ ಮಾತು ಕನ್ನಡ, ಸರಕಾರದ ಮಾತು ಇಂಗ್ಲಿಷ್. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇದು ವಿಚಿತ್ರ ಅನ್ನಿಸಲಿಕ್ಕಿಲ್ಲ. ತಂದೆ ಉಪೇಂದ್ರ ಪೈ ಮುನಸೀಫ್ ಕೋರ್ಟಿನ ವಕೀಲರು. ಹೀಗಾಗಿ ದಾವೆ, ತಾರೀಖು, ಸಾಕ್ಷಿ, ಜಪ್ತಿ ಎಂಬ ಶಬ್ದಗಳು ಹುಡುಗನ ಕಿವಿಗೆ ಮನೆಯಲ್ಲೇ ಬಿದ್ದಿರಬೇಕು.

ಅವರು ಹತ್ತು ವರ್ಷದವರಿದ್ದಾಗ, 1862ರಲ್ಲಿ, ಕೆನರಾ ಜಿಲ್ಲೆಯ ಉತ್ತರ ಭಾಗ ಮುಂಬೈ ಪ್ರಾಂತಕ್ಕೆ ಹೋಯಿತು. ದಕ್ಷಿಣದ ಭಾಗ ಮದ್ರಾಸ್ ಪ್ರಾಂತದಲ್ಲೇ ಉಳಿಯಿತು. ಒಂದೇ ಕರಾವಳಿ, ಒಂದೇ ಬಂಧು ಬಳಗ, ಆದರೆ ರಾಜಧಾನಿ ಎರಡು. ಮಂಗಳೂರಿನವರಿಗೆ ದೊಡ್ಡ ಕೋರ್ಟು, ದೊಡ್ಡ ಓದು, ದೊಡ್ಡ ನೌಕರಿ ಎಲ್ಲ ಮದ್ರಾಸಿನಲ್ಲಿ. ಅಲ್ಲಿಗೆ ಹೋಗುವುದೂ ಸುಲಭವಿರಲಿಲ್ಲ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ.

ಮಂಗಳೂರಿನಲ್ಲಿ ಆರಂಭದ ಓದು ಮುಗಿಸಿ ಪೈಯವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಮೊದಲು ಬಿ.ಎ., ಆಮೇಲೆ ಕಾನೂನಿನ ಬಿ.ಎಲ್. ಆಗ ಮದ್ರಾಸಿನಲ್ಲಿ ಪ್ರತ್ಯೇಕ ಲಾ ಕಾಲೇಜು ಇರಲಿಲ್ಲ, ಅದು ಆರಂಭವಾದದ್ದು 1891ರಲ್ಲಿ. ಅಲ್ಲಿಯವರೆಗೆ ಪ್ರೆಸಿಡೆನ್ಸಿ ಕಾಲೇಜಿನಲ್ಲೇ ಕಾನೂನಿನ ತರಗತಿ ನಡೆಯುತ್ತಿತ್ತು. ಒಂದು ಪದವಿ ಪಡೆದವರು ಅದರ ಮೇಲೆ ಓದುವ ಎರಡನೆಯ ಪದವಿ ಅದು. ಇಂದಿನ ಲೆಕ್ಕದಲ್ಲಿ ಅದನ್ನು ಪದವಿಯ ನಂತರದ ಓದು ಎನ್ನಬೇಕು.

ಮದ್ರಾಸಿನಲ್ಲಿ ಅವರ ಮೇಲೆ ಪ್ರಭಾವ ಬೀರಿದವರು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಹಾಲೋವೇ. ಬರೇ ಹಳೆಯ ತೀರ್ಪುಗಳನ್ನು ಬಾಯಿಪಾಠ ಮಾಡದೆ ಕಾಯದೆಯ ಮೂಲ ತತ್ವಕ್ಕೆ ಹೋಗುವ ನ್ಯಾಯಾಧೀಶರೆಂದು ಅವರು ಹೆಸರಾಗಿದ್ದರು. ಈ ನಿಯಮ ಏಕೆ ಬಂತು, ಇದು ಯಾರನ್ನು ಕಾಪಾಡುತ್ತದೆ ಎಂದು ಕೇಳುವ ರೂಢಿಯನ್ನು ಇಂಥ ಓದು ಕಲಿಸುತ್ತದೆ.

ವ್ಯಾಪಾರದ ಕಾಯದೆ ಹುಟ್ಟಿದ ಕಾಲ

ಪೈಯವರು ಓದಿದ ಮತ್ತು ವಕೀಲಕಿ ಆರಂಭಿಸಿದ ಕಾಲ ಎಂಥದ್ದು ಎಂಬುದನ್ನು ಇಲ್ಲಿ ಗಮನಿಸಬೇಕು. ಇಂದಿಗೂ ನಮ್ಮ ವ್ಯಾಪಾರ ನಿಂತಿರುವ ಮುಖ್ಯ ಕಾಯದೆಗಳು ಆ ಒಂದೇ ದಶಕದಲ್ಲಿ ಬಂದವು. ಕರಾರು ಕಾಯದೆ 1872ರದ್ದು. ಹುಂಡಿ, ಪ್ರಾಮಿಸರಿ ನೋಟು ಮತ್ತು ಚೆಕ್ಕಿನ ಕಾಯದೆ 1881ರದ್ದು. ಇಚಲಕರಂಜಿಯ ನೂಲಿನ ವ್ಯಾಪಾರಿಗಳೆಲ್ಲ ಬಲ್ಲ ಚೆಕ್ ಬೌನ್ಸಿನ 138ನೇ ಕಲಂ ಇರುವುದು ಇದೇ ಕಾಯದೆಯಲ್ಲಿ, ಅದನ್ನು ಸೇರಿಸಿದ್ದು ಮಾತ್ರ 1988ರಲ್ಲಿ. ಹೊಲ ಮನೆ ಅಡವು, ಖರೀದಿಯ ಕಾಯದೆ 1882ರದ್ದು. ಕಂಪನಿ ಕಾಯದೆಯೂ ಆ ವರ್ಷದ್ದೇ, ಅದು ಆಮೇಲೆ ಹಲವು ಸಲ ಬದಲಾಗಿದೆ.

ತಂದೆ ತೀರಿಕೊಂಡ ಮೇಲೆ 1876ರಲ್ಲಿ ಪೈಯವರು ಮಂಗಳೂರಿಗೆ ಬಂದು ವಕೀಲಕಿ ಹಿಡಿದರು. ಈ ಕಾಯದೆಗಳು ಒಂದೊಂದಾಗಿ ಕೋರ್ಟಿಗೆ ಬಂದದ್ದನ್ನು ಅವರು ಕಣ್ಣಾರೆ ಕಂಡರು. ಕಾಯದೆ ಕಾಗದದ ಮೇಲೆ ಏನು ಹೇಳುತ್ತದೆ, ಬಡವನ ಮನೆಗೆ ಹೋದಾಗ ಏನಾಗುತ್ತದೆ, ಎರಡನ್ನೂ ನೋಡುವ ಅವಕಾಶ ಅವರಿಗೆ 30 ವರ್ಷ ಸಿಕ್ಕಿತು.

ಆ ಕಾಲದ ಮಂಗಳೂರು ಬೆಳೆಯುತ್ತಿದ್ದ ಬಂದರು. ಕೊಡಗು, ಚಿಕ್ಕಮಗಳೂರಿನ ಕಾಫಿ ಅಲ್ಲಿಂದ ಹಡಗು ಹತ್ತುತ್ತಿತ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದರು. ನಮ್ಮ ಹಳೆಯ ಮನೆಗಳ ಮೇಲೆ ಕಾಣುವ ಮಂಗಳೂರು ಹಂಚಿನ ಕಥೆ ಆರಂಭವಾಗುವುದು ಅಲ್ಲಿಂದ. ಇಷ್ಟೆಲ್ಲ ಇದ್ದರೂ ಸಣ್ಣ ವ್ಯಾಪಾರಿಗೆ ಸಾಲ ಕೊಡುವ ಬ್ಯಾಂಕು ಇರಲಿಲ್ಲ. ಬ್ಯಾಂಕ್ ಆಫ್ ಮದ್ರಾಸಿನ ಒಂದು ಶಾಖೆ ಇತ್ತು, ಅದು ಹೆಚ್ಚಾಗಿ ಇಂಗ್ಲಿಷರ ಕಂಪನಿಗಳ ವ್ಯವಹಾರ ನೋಡುತ್ತಿತ್ತು. ಉಳಿದವರಿಗೆ ಸಾವಕಾರನೇ ಗತಿ. ಸಾವಕಾರನ ಬಡ್ಡಿ ಕಟ್ಟಲಾರದವನು ಕಡೆಗೆ ಬಂದು ನಿಲ್ಲುತ್ತಿದ್ದುದು ಕೋರ್ಟಿನ ಕಟ್ಟೆಯ ಮೇಲೆ. ಸಾಲದ ಉರುಳು ಎಷ್ಟು ಬಿಗಿಯಾಗಿತ್ತೆಂದರೆ 1875ರಲ್ಲಿ ನಮ್ಮ ಪುಣೆ, ಅಹಮದನಗರ ಭಾಗದ ರೈತರು ಸಾವಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟಿದ್ದರು.

ಇಂಥ ಕಾಲದಲ್ಲಿ ವಕೀಲನಿಗೆ ದಾವೆ ಎಷ್ಟು ಎಳೆದರೆ ಅಷ್ಟು ಲಾಭ. ಪೈಯವರ ಹೆಸರು ಉಳಿದದ್ದು ಬೇರೆ ಕಾರಣಕ್ಕೆ. ಎರಡೂ ಕಡೆಯವರನ್ನು ಕೂಡಿಸಿ, ಮಾತಾಡಿಸಿ, ಕೋರ್ಟಿನ ಹೊರಗೇ ರಾಜಿ ಮಾಡಿಸುವುದು ಅವರ ಪದ್ಧತಿಯಾಗಿತ್ತು. ಸಾತಬಾರಾ ಉತಾರೆಯ ಮೇಲಿನ ಒಂದು ಹೆಸರಿಗಾಗಿ ಅಣ್ಣ ತಮ್ಮಂದಿರು ಇಪ್ಪತ್ತು ವರ್ಷ ಕೋರ್ಟು ತಿರುಗಿ, ಹೊಲದ ಬೆಲೆಯನ್ನೆಲ್ಲ ತಾರೀಖಿಗೇ ಸುರಿದದ್ದನ್ನು ಕಂಡ ನಮ್ಮ ಊರುಗಳಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ರಾಜಿ ಮಾಡಿಸಲು ಕಾಯದೆ ಸ್ವಲ್ಪ ಗೊತ್ತಿದ್ದರೆ ಸಾಲದು. ದಾವೆ ನಡೆದರೆ ಯಾರು ಗೆಲ್ಲುತ್ತಾರೆ, ಎಷ್ಟು ಖರ್ಚಾಗುತ್ತದೆ, ಗೆದ್ದವನ ಕೈಗೆ ಕಡೆಗೆ ಏನು ಉಳಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು. ವ್ಯಾಪಾರಿಗೆ ಬೇಕಾದ ಲೆಕ್ಕವೂ ಇದೇ ತಾನೆ?

ಮೊದಲು ಶಾಲೆ, ಆಮೇಲೆ ಬ್ಯಾಂಕು

ಪೈಯವರು ಮೊದಲು ಕಟ್ಟಿದ ಸಂಸ್ಥೆ ಬ್ಯಾಂಕಲ್ಲ. 1891ರಲ್ಲಿ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲ್ ಆರಂಭಿಸಿದರು. ಮೂರು ವರ್ಷದ ನಂತರ, 1894ರಲ್ಲಿ, ಹೆಣ್ಣುಮಕ್ಕಳಿಗಾಗಿ ಕೆನರಾ ಗರ್ಲ್ಸ್ ಸ್ಕೂಲ್ ತೆರೆದರು. ಹೆಣ್ಣುಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಮದುವೆ ಮಾಡಿ ಕಳಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಬ್ಯಾಂಕಿನ ಕಥೆಯಲ್ಲಿ ಶಾಲೆ ಏಕೆ ಬಂತು ಎಂದು ಓದುಗರು ಕೇಳಬಹುದು. ಜನರ ಹಣ ಕೂಡಿಸಿ, ಸಮಿತಿ ಮಾಡಿ, ಲೆಕ್ಕ ಇಟ್ಟು, ಒಬ್ಬ ಮನುಷ್ಯನ ಮೇಲೆ ನಿಲ್ಲದಂತೆ ಸಂಸ್ಥೆಯೊಂದನ್ನು ನಡೆಸುವ ಅಭ್ಯಾಸ ಪೈಯವರಿಗೆ ಆದದ್ದು ಇಲ್ಲಿ. 15 ವರ್ಷ ಶಾಲೆ ನಡೆಸಿದವರ ಮಾತಿಗೆ ಊರಿನಲ್ಲಿ ಒಂದು ತೂಕ ಬಂದಿತ್ತು. ಹಣ ಇಡಿ ಎಂದು ಕೇಳುವ ಮುಂಚೆ ಆ ತೂಕ ಬೇಕಿತ್ತು.

1906ರ ಜುಲೈ 1

ಸ್ವದೇಶಿ ಚಳವಳಿ 1905ರಲ್ಲಿ ದೇಶದಲ್ಲೆಲ್ಲ ಹಬ್ಬಿತು. ನಮ್ಮವರ ಹಣ ನಮ್ಮವರ ಉದ್ಯೋಗಕ್ಕೇ ಸಿಗಬೇಕು ಎಂಬ ವಿಚಾರ ಊರೂರಿಗೆ ಬಂತು. ಇದಕ್ಕೆ ಕಾಯದೆಯಲ್ಲಿ ಎರಡು ದಾರಿ ಇದ್ದವು. ಒಂದು, 1904ರ ಸಹಕಾರಿ ಪತ್ತಿನ ಸಂಘಗಳ ಕಾಯದೆ. ಆ ದಾರಿ ಹಿಡಿದು ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ರೈತರ ಸಂಘ ಕಟ್ಟಿದರು. ನಮ್ಮ ಭಾಗದ ಸೊಸಾಯಿಟಿ, ಪತಸಂಸ್ಥೆ, ಸಕ್ಕರೆ ಕಾರ್ಖಾನೆಗಳೆಲ್ಲ ಬೆಳೆದದ್ದು ಸಹಕಾರದ ಈ ದಾರಿಯಲ್ಲಿ. ಎರಡನೆಯದು ಕಂಪನಿ ಕಾಯದೆಯ ದಾರಿ. ಪೈಯವರು ಹಿಡಿದದ್ದು ಎರಡನೆಯದನ್ನು.

1906ರ ಜುಲೈ 1ರಂದು ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭವಾಯಿತು. ಆಗ ಪೈಯವರಿಗೆ 53 ವರ್ಷ. ಅದೇ ವರ್ಷ ಮಾರ್ಚ್ 12ರಂದು ಪಕ್ಕದ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ತೆರೆದಿದ್ದರು. ಒಂದೇ ಜಿಲ್ಲೆಯಲ್ಲಿ ನಾಲ್ಕು ತಿಂಗಳೊಳಗೆ ಎರಡು ಬ್ಯಾಂಕು.

ಪರ್ಮನೆಂಟ್ ಫಂಡ್ ಎಂದರೆ ಏನು ಎಂಬುದನ್ನು ನಮ್ಮ ಭಿಸಿಯಿಂದ ತಿಳಿಯಬಹುದು. ಇಪ್ಪತ್ತು ಜನ ತಿಂಗಳಿಗೆ ಇಷ್ಟು ಎಂದು ಹಾಕುತ್ತಾರೆ, ಸರದಿಯಂತೆ ಎತ್ತುತ್ತಾರೆ, ಸುತ್ತು ಮುಗಿದಾಗ ಭಿಸಿಯೂ ಮುಗಿಯುತ್ತದೆ. ನಡೆಸುವವನು ಓಡಿಹೋದರೆ ಹಿಡಿಯಲು ಕೈಯಲ್ಲಿ ಕಾಗದವೇ ಇರುವುದಿಲ್ಲ. ಮದ್ರಾಸ್ ಕಡೆಯ ನಿಧಿಗಳೂ ಮೊದಮೊದಲು ಹೀಗೆ ಒಂದು ಅವಧಿಗೆ ಮುಗಿಯುವಂಥವು. ಮುಗಿಯದೆ ನಡೆಯುವ ನಿಧಿಯೇ ಪರ್ಮನೆಂಟ್ ಫಂಡ್.

ಕಾಯದೆ ಓದಿದವನ ಕೈ ಇಲ್ಲಿ ಕಾಣುತ್ತದೆ. ಅಂದಿನ 1882ರ ಕಂಪನಿ ಕಾಯದೆಯ ಪ್ರಕಾರ ಹತ್ತಕ್ಕಿಂತ ಹೆಚ್ಚು ಜನ ಕೂಡಿ ಬ್ಯಾಂಕಿನ ವ್ಯವಹಾರ ಮಾಡಬೇಕಾದರೆ ನೋಂದಣಿ ಮಾಡಿಸಲೇಬೇಕು. ನೋಂದಣಿ ಆದ ಮೇಲೆ ಕಂಪನಿ ಕಾಯದೆಯ ಕಣ್ಣಿಗೆ ಒಬ್ಬ ಬೇರೆ ವ್ಯಕ್ತಿ. ಸ್ಥಾಪಕ ಸತ್ತರೂ ಅದು ಸಾಯುವುದಿಲ್ಲ. ಶೇರುದಾರನ ಜವಾಬುದಾರಿ ಅವನ ಶೇರಿನ ಹಣಕ್ಕೆ ಸೀಮಿತ, ಅವನ ಮನೆ ಹೊಲಕ್ಕೆ ಜಪ್ತಿ ಬರುವುದಿಲ್ಲ. ಸದಸ್ಯರ ದಫ್ತರು ಇಡಬೇಕು, ವರ್ಷಕ್ಕೊಮ್ಮೆ ಸಭೆ ಕರೆಯಬೇಕು, ಲೆಕ್ಕದ ತಃಖ್ತೆ ಇಡಬೇಕು. ಸಾವಕಾರನ ಪೆಟ್ಟಿಗೆಯಲ್ಲಿ ಇಲ್ಲದ್ದು ಇದೇ ವ್ಯವಸ್ಥೆ.

ಫಂಡಿನ ಉದ್ದೇಶಗಳಲ್ಲಿ ಜನರಿಗೆ ಉಳಿತಾಯದ ರೂಢಿ ಕಲಿಸುವುದು, ವಿದ್ಯೆ ಹರಡುವುದು, ಮೂಢನಂಬಿಕೆ ಹೋಗಲಾಡಿಸುವುದು, ಕಷ್ಟದಲ್ಲಿರುವವರಿಗೆ ನೆರವಾಗುವುದು ಕೂಡಿದ್ದವು. ಲಾಭದ ಸಂಸ್ಥೆಗೆ ಇಂಥ ಉದ್ದೇಶ ಏಕೆ ಎಂದು ನಗುವವರೂ ಇರಬಹುದು. ಆದರೆ ಸಾಲ ತಗೊಂಡವನು ಕಾಗದ ಓದಬಲ್ಲವನಾದರೆ ಸಾಲ ವಾಪಸು ಬರುವ ಸಾಧ್ಯತೆ ಹೆಚ್ಚು. ಶಾಲೆ ಮತ್ತು ಬ್ಯಾಂಕು ಪೈಯವರ ವಿಚಾರದಲ್ಲಿ ಒಂದಕ್ಕೊಂದು ಜೋಡಿಯಾಗಿದ್ದವು ಎನ್ನಲು ಅಡ್ಡಿಯಿಲ್ಲ.

ನಾಲ್ಕು ತಿಂಗಳಲ್ಲಿ ಬಂದ ಬಿರುಗಾಳಿ

ಫಂಡು ಆರಂಭವಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ. 1906ರ ಅಕ್ಟೋಬರ್ 22ರಂದು ಮದ್ರಾಸಿನ ದೊಡ್ಡ ಇಂಗ್ಲಿಷ್ ಪೇಢಿ ಆರ್ಬತ್‌ನಾಟ್ ಕಂಪನಿ ದಿವಾಳಿ ಎದ್ದಿತು. ದಕ್ಷಿಣ ಭಾರತದ ಸಾವಿರಾರು ಜನ ಪಿಂಚಣಿಯ ಹಣ, ಮಗಳ ಮದುವೆಯ ಹಣ ಅದರಲ್ಲಿ ಇಟ್ಟಿದ್ದರು. ಅದು ಕೆಲವೇ ಪಾಲುದಾರರ ಪೇಢಿ. ಒಳಗಿನ ಲೆಕ್ಕ ಹೊರಗಿನವರಿಗೆ ಕಾಣುತ್ತಿರಲಿಲ್ಲ. ದೊಡ್ಡ ಹೆಸರು, ದೊಡ್ಡ ಕಟ್ಟಡ, ಬಿಳಿಯ ಸಾಹೇಬರು ಎಂಬ ನಂಬಿಕೆಯ ಮೇಲೆ ಜನ ಹಣ ಸುರಿದಿದ್ದರು. ಮುಖ್ಯ ಪಾಲುದಾರ ಜಾರ್ಜ್ ಆರ್ಬತ್‌ನಾಟ್ ಜೈಲಿಗೆ ಹೋದರು. ಇಟ್ಟವರ ಹಣದ ಬಹುಭಾಗ ಮುಳುಗಿತು.

ಈ ಪೆಟ್ಟಿನ ನಂತರ ಮದ್ರಾಸಿನಲ್ಲಿ ಹೊಸ ಬ್ಯಾಂಕು ಕಟ್ಟಲು ಮುಂದೆ ಬಂದವರು ಯಾರು? ಅಲ್ಲಿಯೂ ಒಬ್ಬ ವಕೀಲರೇ. ವಿ. ಕೃಷ್ಣಸ್ವಾಮಿ ಅಯ್ಯರ್ ಅವರ ಮುಂದಾಳತ್ವದಲ್ಲಿ 1907ರ ಆಗಸ್ಟ್ 15ರಂದು ಇಂಡಿಯನ್ ಬ್ಯಾಂಕ್ ಆರಂಭವಾಯಿತು. ಇಂಥ ಉದಾಹರಣೆಗಳು ಸುಮ್ಮನೆ ಕೂಡಿ ಬಂದವಲ್ಲ. ನಂಬಿಕೆ ಮುರಿದಾಗ ಏನೇನು ಆಗುತ್ತದೆ ಎಂಬುದನ್ನು ವಕೀಲನು ದಿನವೂ ನೋಡುತ್ತಾನೆ. ಆದ್ದರಿಂದ ಅದು ಮುರಿಯದಂತೆ ಯಾವ ಯಾವ ಗಂಟು ಹಾಕಬೇಕು ಎಂಬುದೂ ಅವನಿಗೆ ತಿಳಿದಿರುತ್ತದೆ.

ಹಾಗೆಂದು ಕಾಯದೆ ಓದಿದವರೆಲ್ಲ ವ್ಯಾಪಾರದಲ್ಲಿ ಗೆದ್ದರು ಎಂದು ತಿಳಿಯಬಾರದು. ಲಾಹೋರಿನ ಬ್ಯಾರಿಸ್ಟರ್ ಲಾಲಾ ಹರಕಿಶನ್ ಲಾಲ್ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರು. ಅವರೇ ಆಮೇಲೆ ಕಟ್ಟಿದ ಪೀಪಲ್ಸ್ ಬ್ಯಾಂಕ್ 1913ರಲ್ಲಿ ಬಾಗಿಲು ಮುಚ್ಚಿತು. ಓದಿನ ಜೊತೆ ನಿಧಾನ, ಮಿತಿ, ಹೊಣೆಗಾರಿಕೆ ಬೇಕು. ಪೈಯವರಲ್ಲಿ ಅವು ಇದ್ದವು. ಅವರು ವ್ಯವಹಾರಕ್ಕೆ ಇಳಿದದ್ದು 30 ವರ್ಷ ಕೋರ್ಟು, 15 ವರ್ಷ ಶಾಲೆ ನೋಡಿದ ಮೇಲೆ.

ಸ್ಥಾಪಕರಿಲ್ಲದೆ ನಡೆದ ಸಂಸ್ಥೆ

ಸುಬ್ಬರಾವ್ ಪೈ 1909ರ ಜುಲೈ 25ರಂದು ತೀರಿಕೊಂಡರು. ವಯಸ್ಸು 56. ಫಂಡಿಗೆ ಆಗ ಬರೇ ಮೂರು ವರ್ಷ. ಒಬ್ಬ ಮನುಷ್ಯನ ಹೆಸರಿನ ಮೇಲೆ ನಿಂತ ಪೇಢಿಯಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಗಂಡುಮಕ್ಕಳು ಪಾಲಿಗಾಗಿ ಜಗಳಾಡುತ್ತಿದ್ದರು, ಇಟ್ಟವರು ಬಾಗಿಲ ಮುಂದೆ ಸಾಲು ನಿಲ್ಲುತ್ತಿದ್ದರು. ಹಾಗೆ ಆಗಲಿಲ್ಲ. ಮರುವರ್ಷ, 1910ರಲ್ಲಿ, ಫಂಡು ಕೆನರಾ ಬ್ಯಾಂಕ್ ಲಿಮಿಟೆಡ್ ಎಂಬ ಹೆಸರು ಪಡೆಯಿತು. ಹೆಸರಿನಿಂದ ಹಿಂದೂ ಎಂಬ ಶಬ್ದ ಹೋಯಿತು, ಬಾಗಿಲು ಇನ್ನಷ್ಟು ಅಗಲವಾಯಿತು.

ಮುಂದಿನದು ಎಲ್ಲರಿಗೂ ಗೊತ್ತಿರುವ ಸಂಗತಿ. ಮಂಗಳೂರು, ಉಡುಪಿಯ ಆ ಒಂದೇ ಜಿಲ್ಲೆಯಿಂದ ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯಾ ಎಂಬ ಐದು ಬ್ಯಾಂಕುಗಳು ಬೆಳೆದವು. 1969ರ ಜುಲೈ 19ರಂದು ಕೇಂದ್ರ ಸರಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದಾಗ ಕೆನರಾ ಬ್ಯಾಂಕ್ ಅದರಲ್ಲಿತ್ತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲೇ ಕೂಡಿತು. ವಕೀಲರು ಹಾಕಿದ ಹೆಸರು ಇನ್ನೂ ಉಳಿದಿದೆ. ಅವರ ಶಾಲೆಗಳೂ ಮಂಗಳೂರಿನಲ್ಲಿ ನಡೆಯುತ್ತಿವೆ.

ನಮ್ಮ ಊರಿಗೆ ಇದರಿಂದ ಏನು?

ನಮ್ಮ ಗಡಿಭಾಗದಲ್ಲಿ ಪತಸಂಸ್ಥೆ ಮುಳುಗಿದ ಕಥೆ ಇಲ್ಲದ ಊರು ಕಡಿಮೆ. ಕಬ್ಬಿನ ಬಿಲ್ಲು, ನಿವೃತ್ತಿಯ ಹಣ, ಹೆಂಗಸರು ಹಾಲು ಮಾರಿ ಕೂಡಿಸಿದ ಹಣ ಹೆಚ್ಚಿನ ಬಡ್ಡಿಯ ಆಸೆಗೆ ಹೋಗಿ ಸಿಕ್ಕಿಬಿದ್ದದ್ದಿದೆ. ಚೇರಮನ್ನರ ಮುಖ ನೋಡಿ ಠೇವು ಇಟ್ಟವರು ಆಡಿಟ್ ವರದಿ ನೋಡಿರಲಿಲ್ಲ. ಪೋಟನಿಯಮ ಓದಿರಲಿಲ್ಲ. ವಾರ್ಷಿಕ ಸಭೆಗೆ ಹೋಗಿ ಚಹಾ ಕುಡಿದು ಸಹಿ ಹಾಕಿ ಬಂದವರೇ ಹೆಚ್ಚು. ಬ್ಯಾಂಕಿನ ಠೇವಿಗೆ 2020ರಿಂದ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಪತಸಂಸ್ಥೆಗೆ ಈ ವಿಮೆ ಅನ್ವಯಿಸುವುದಿಲ್ಲ ಎಂಬ ವ್ಯತ್ಯಾಸವೂ ಎಷ್ಟೋ ಜನರಿಗೆ ತಿಳಿದಿರಲಿಲ್ಲ.

ಇಂಥ ಊರಿಗೆ ಕಾಯದೆ ಓದಿದ ವ್ಯಾಪಾರಿ ಬೇಕು. ಇಚಲಕರಂಜಿಯಲ್ಲಿ ಮಗ್ಗ ಹಾಕುವವನಿಗೆ ಕರಾರು ಬರೆಯಲು ಬರಬೇಕು. ಅಣ್ಣ ತಮ್ಮ ಕೂಡಿ ಅಂಗಡಿ ಹಾಕಿದರೆ ಪಾಲುದಾರಿಕೆಯ ಕಾಗದ ಮೊದಲೇ ಆಗಬೇಕು. ಗಡಿಯ ಆಚೆ ಈಚೆ ಎರಡು ರಾಜ್ಯದಲ್ಲಿ ವ್ಯವಹಾರ ಮಾಡುವವನಿಗೆ ಎರಡು ರಾಜ್ಯದ ನಿಯಮ ಗೊತ್ತಿರಬೇಕು, ಕನ್ನಡದ ಪಹಣಿಯನ್ನೂ ಮರಾಠಿಯ ಉತಾರೆಯನ್ನೂ ಓದಬಲ್ಲ ನಮ್ಮ ಹುಡುಗರಿಗೆ ಅಲ್ಲಿ ಒಂದು ಹೆಚ್ಚಿನ ಅನುಕೂಲವೂ ಇದೆ. ಕಂಪನಿ, ತೆರಿಗೆ, ಬ್ಯಾಂಕಿಂಗ್ ವಿಷಯದಲ್ಲಿ ಎಲ್‌ಎಲ್‌ಎಂ ಮಾಡಿದವರು ಕೋರ್ಟಿನಲ್ಲಿ ನಿಲ್ಲದಿದ್ದರೂ ಸಕ್ಕರೆ ಕಾರ್ಖಾನೆ, ನೂಲಿನ ಗಿರಣಿ, ಸಹಕಾರಿ ಬ್ಯಾಂಕುಗಳಲ್ಲಿ ಅವರಿಗೆ ಕೆಲಸವಿದೆ. ಇಲ್ಲವೇ ತಮ್ಮದೇ ಉದ್ಯೋಗ ಕಟ್ಟಿ ಅದನ್ನು ಕಾಗದಪತ್ರದಲ್ಲಿ ಗಟ್ಟಿ ಮಾಡಬಹುದು.

ಓದಿಗೆ ಕಳಿಸುವ ಮುಂಚೆ ಹಿರಿಯರು ಖರ್ಚಿನ ಲೆಕ್ಕ ಹಾಕುವುದು ಯೋಗ್ಯವೇ. ಆ ಲೆಕ್ಕದಲ್ಲಿ ಇನ್ನೊಂದು ಬಾಬು ಸೇರಿಸಿಕೊಳ್ಳಲಿ: ಕಾಗದ ಓದದೆ ಸಹಿ ಹಾಕಿದ್ದಕ್ಕೆ ನಮ್ಮ ಮನೆತನ ಈವರೆಗೆ ಎಷ್ಟು ಕಳೆದುಕೊಂಡಿದೆ? ಎರಡನ್ನೂ ಪಕ್ಕಕ್ಕೆ ಪಕ್ಕ ಬರೆದು ನೋಡಿ ಆಮೇಲೆ ಹುಡುಗನ ಅಥವಾ ಹುಡುಗಿಯ ಫೀಯ ವಿಚಾರ ತೀರ್ಮಾನಿಸಲಿ.